ಕುಳಿತು ಮಾಡುವ ಕೆಲಸ: ಬಿಡುವು ಮತ್ತು ಚಲನೆ

ಮೇಜಿನ ಮುಂದೆ ಕುಳಿತು ಮಾಡುವ ಕೆಲಸದಲ್ಲಿ ದೇಹದ ದೊಡ್ಡ ಸ್ನಾಯುಗಳು ಗಂಟೆಗಟ್ಟಲೆ ಸುಮ್ಮನಿರುತ್ತವೆ. ಕಣ್ಣು, ಕತ್ತು, ಮಣಿಕಟ್ಟು, ಬೆರಳುಗಳು ಮಾತ್ರ ಪುರುಸೊತ್ತಿಲ್ಲದೆ ದುಡಿಯುತ್ತವೆ. ಸರ್ಕಾರಿ ಕಚೇರಿ, ಬ್ಯಾಂಕು, ಕಾಲೇಜಿನ ಪ್ರಯೋಗಾಲಯ, ಸಾಫ್ಟ್‌ವೇರ್ ಕಂಪನಿ, ಮನೆಯ ಮೂಲೆಯಲ್ಲಿ ತೆರೆದಿಟ್ಟ ಲ್ಯಾಪ್‌ಟಾಪ್, ಎಲ್ಲ ಕಡೆಯೂ ಇದೇ ಸ್ಥಿತಿ. ಸುಮ್ಮನಿರುವ ಸ್ನಾಯುಗಳಿಗೆ ಆಗಾಗ ಕೆಲಸ ಕೊಡುವುದು, ದಣಿದ ಅಂಗಗಳಿಗೆ ಆಗಾಗ ಬಿಡುವು ಕೊಡುವುದು, ಆರೋಗ್ಯಕರ ವಿರಾಮದಲ್ಲಿ ಇವೆರಡೂ ಸೇರಿವೆ. ಕುರ್ಚಿಗೆ ಒರಗಿಕೊಂಡೇ ಮೊಬೈಲ್ ನೋಡುವುದರಿಂದ ಮನಸ್ಸಿಗೆ ಬದಲಾವಣೆ ಸಿಗಬಹುದು. ಕಣ್ಣಿಗೂ ಕಾಲಿಗೂ ಅದರಿಂದ ಏನೂ ಸಿಗುವುದಿಲ್ಲ.

ಎಚ್ಚರವಾಗಿದ್ದಾಗ ಕುಳಿತು ಅಥವಾ ಒರಗಿ ಕಳೆಯುವ, 1.5 ಮೆಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿ ವ್ಯಯವಾಗುವ ಹೊತ್ತನ್ನು ಜಡ ನಡವಳಿಕೆ ಎಂದು ಸಂಶೋಧಕರು 2012ರಲ್ಲಿ ವ್ಯಾಖ್ಯಾನಿಸಿದರು. ಸುಮ್ಮನೆ ಕುಳಿತಾಗ ದೇಹಕ್ಕೆ ಬೇಕಾಗುವ ಶಕ್ತಿಯೇ ಒಂದು ಮೆಟ್. ಸಾಧಾರಣ ವೇಗದ ನಡಿಗೆಗೆ ಅದರ ಮೂರು ಪಟ್ಟು ಬೇಕು. ವ್ಯಾಯಾಮ ಮಾಡದಿರುವುದು ಮತ್ತು ಬಹಳ ಹೊತ್ತು ಕೂರುವುದು ಎರಡು ಬೇರೆ ಬೇರೆ ಸಂಗತಿಗಳು ಎಂಬುದು ಈ ವ್ಯಾಖ್ಯಾನದಿಂದ ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆದು, ಆಮೇಲೆ ಒಂಬತ್ತು ಗಂಟೆ ಕುರ್ಚಿ ಬಿಡದವರು ವ್ಯಾಯಾಮದ ಲೆಕ್ಕದಲ್ಲಿ ಪಾಸಾಗುತ್ತಾರೆ. ಆ ಒಂಬತ್ತು ಗಂಟೆಯ ಪರಿಣಾಮ ಅವರ ಮೈಮೇಲೂ ಆಗುತ್ತಲೇ ಇರುತ್ತದೆ.

ಕುಂಕಳ್ಳಿಯ ಸಂದರ್ಭ

ಮೈ ದುಡಿಮೆಯ ಊರುಗಳು ಕುರ್ಚಿಯ ಕೆಲಸಕ್ಕೆ ಹೊರಳುವ ಬಗೆಯನ್ನು ಒಂದು ಪಟ್ಟಣದಲ್ಲಿ ನೋಡಬಹುದು. ದಕ್ಷಿಣ ಗೋವಾದ ಸಾಷ್ಟಿ ತಾಲ್ಲೂಕಿನ ಕುಂಕಳ್ಳಿ, ಮಡಗಾಂವಿನಿಂದ ಕಾಣಕೋಣ, ಕಾರವಾರದ ಕಡೆ ಬರುವ ಹೆದ್ದಾರಿಯ ಮೇಲಿರುವ ಪಟ್ಟಣ. 1583ರಲ್ಲಿ ಪೋರ್ಚುಗೀಸರ ವಿರುದ್ಧ ಇಲ್ಲಿನ ಊರ ಮುಖಂಡರಾದ ಗಾಂವ್‌ಕಾರರು ಎದ್ದ ದಂಗೆಯಿಂದ ಚರಿತ್ರೆಯಲ್ಲಿ ಹೆಸರು ಪಡೆದ ಊರು ಇದು. ಗದ್ದೆ, ತೆಂಗು, ಮೀನು, ಕುಶಲಕರ್ಮ ಎಂದು ಮೈ ಬಗ್ಗಿಸಿ ದುಡಿಯುವ ಬದುಕೇ ತಲೆಮಾರುಗಳಿಂದ ಇಲ್ಲಿಯದಾಗಿತ್ತು. ಕೈಗಾರಿಕಾ ವಸಾಹತು ಬಂದ ಮೇಲೆ ಮೀನು ಸಂಸ್ಕರಣೆ, ಉಕ್ಕು ಮೊದಲಾದ ಘಟಕಗಳು ಬಂದವು. ಯಂತ್ರದ ಮುಂದೆ ನಿಂತು ದುಡಿಯುವವರ ಜೊತೆಗೆ ಲೆಕ್ಕಪತ್ರ, ಸರಕು ರವಾನೆ, ಬಿಲ್ಲಿನ ಕೆಲಸಕ್ಕೆ ಕಂಪ್ಯೂಟರ್ ಮುಂದೆ ಕೂರುವವರೂ ಬಂದರು. ಕುಂಕಳ್ಳಿ ಎಜುಕೇಷನ್ ಸೊಸೈಟಿಯ ಕಲಾ ಮತ್ತು ವಾಣಿಜ್ಯ ಕಾಲೇಜು ಇಲ್ಲಿದೆ. 2010ರಲ್ಲಿ ಫೋಂಡಾ ಬಳಿಯ ಫರ್ಮಾಗುಡಿಯಲ್ಲಿ ಕಂಪ್ಯೂಟರ್ ವಿಜ್ಞಾನ, ಎಲೆಕ್ಟ್ರಾನಿಕ್ಸ್, ವಿದ್ಯುತ್ ಎಂಬ ಮೂರು ವಿಭಾಗಗಳೊಂದಿಗೆ ಶುರುವಾದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ (ಎನ್‌ಐಟಿ ಗೋವಾ) ಶಾಶ್ವತ ಆವರಣ ಕುಂಕಳ್ಳಿಯಲ್ಲಿ ಸಿದ್ಧವಾಗಿ, 2024ರ ಫೆಬ್ರವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಅವರಿಂದ ಉದ್ಘಾಟನೆಗೊಂಡಿತು. ತರಗತಿಯ ಬೆಂಚು, ಪ್ರಯೋಗಾಲಯದ ಸ್ಟೂಲು, ಹಾಸ್ಟೆಲಿನ ಮಂಚ, ಹೀಗೆ ಒಂದು ಆಸನದಿಂದ ಇನ್ನೊಂದಕ್ಕೆ ಹೋಗುವುದೇ ಎಂಜಿನಿಯರಿಂಗ್ ವಿದ್ಯಾರ್ಥಿಯ ದಿನಚರಿ. ಒಂದೇ ತಲೆಮಾರಿನ ಅಂತರದಲ್ಲಿ ಗದ್ದೆಯ ಊರು ಮೇಜಿನ ಊರೂ ಆಗಿರುವುದಕ್ಕೆ ಕುಂಕಳ್ಳಿ ಒಳ್ಳೆಯ ನಿದರ್ಶನ.

ಈ ಬದಲಾವಣೆಯನ್ನು ಗೋವಾದ ಮಟ್ಟಿಗೆ ಲಘುವಾಗಿ ಕಾಣುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಎಲ್ಲ ರಾಜ್ಯಗಳಲ್ಲಿ ನಡೆದ ಮಧುಮೇಹ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹವಿದ್ದರೆ ಗೋವಾದಲ್ಲಿ ಆ ಪ್ರಮಾಣ ಶೇ 26.4, ದೇಶದಲ್ಲೇ ಅತಿ ಹೆಚ್ಚು. ಇದಕ್ಕೆ ಆಹಾರ, ವಯಸ್ಸು, ವಂಶವಾಹಿ, ನಗರೀಕರಣ ಎಲ್ಲವೂ ಕಾರಣ; ಕೂರುವುದೊಂದನ್ನೇ ದೂರುವುದು ತಪ್ಪು. ಆದರೆ ಊಟವಾದ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯನ್ನು ಇಳಿಸಲು ಕಾಲಿನ ಸ್ನಾಯುಗಳಿಗಿಂತ ಸುಲಭದ ಸಾಧನ ಬೇರೆ ಇಲ್ಲ. ನಾಲ್ವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇರುವ ನಾಡಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ನೇರ ಕುರ್ಚಿಗೆ ಮರಳುವ ಅಭ್ಯಾಸ ಚಿಂತೆಗೆ ಕಾರಣವಾಗಲೇಬೇಕು. ಇಡೀ ದೇಶದ ಚಿತ್ರವೂ ಸಮಾಧಾನಕರವಾಗಿಲ್ಲ: 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆ ಇರಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಅಂದಾಜಿಸಿದರು. ಗಂಡಸರಲ್ಲಿ ಈ ಪ್ರಮಾಣ ಶೇ 42ರಷ್ಟು, ಹೆಂಗಸರಲ್ಲಿ ಶೇ 57ರಷ್ಟು.

ಅರಿವು ಬೆಳೆದ ಬಗೆ

ಕೂತು ಮಾಡುವ ಕೆಲಸದಿಂದ ಕಾಯಿಲೆ ಬರುತ್ತದೆಂಬುದು ಕಂಪ್ಯೂಟರ್ ಯುಗದ ಶೋಧವಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಪ್ರಕಟಿಸಿ 1713ರಲ್ಲಿ ವಿಸ್ತರಿಸಿದ ಕಸುಬುದಾರರ ಕಾಯಿಲೆಗಳ ಗ್ರಂಥದಲ್ಲಿ ಗುಮಾಸ್ತರು ಮತ್ತು ಲಿಪಿಕಾರರ ಬಗ್ಗೆ ಬರೆದಿದ್ದಾನೆ. ಸದಾ ಕೂತಿರುವುದು, ಕೈಯನ್ನು ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಆಡಿಸುವುದು, ಲೆಕ್ಕ ತಪ್ಪಬಾರದೆಂಬ ಮನಸ್ಸಿನ ಬಿಗಿ, ಇವು ಮೂರೂ ಅವರ ನೋವಿಗೆ ಕಾರಣವೆಂದು ಅವನು ಗುರುತಿಸಿದ. ಲೇಖನಿಯ ಜಾಗದಲ್ಲಿ ಮೌಸ್ ಇಟ್ಟರೆ ಇಂದಿಗೂ ಆ ಮಾತಿನಲ್ಲಿ ಬದಲಿಸಬೇಕಾದದ್ದು ಏನೂ ಇಲ್ಲ.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಕ್ಯಾನ್‌ವಾಸ್ ಕುರ್ಚಿಗಳ ಮೇಲೆ ಕೂತು ನಿದ್ದೆ ಮಾಡುತ್ತಿದ್ದರು. ಅಂಥವರಲ್ಲಿ ಕೆಲವರು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿ ದಿಢೀರನೆ ಸಾಯುವುದನ್ನು ವೈದ್ಯ ಕೀತ್ ಸಿಂಪ್ಸನ್ 1940ರಲ್ಲಿ ವರದಿ ಮಾಡಿದರು. ಕುರ್ಚಿಯ ಅಂಚು ತೊಡೆಯ ಹಿಂಬದಿಯನ್ನು ಒತ್ತಿ, ಕಾಲಿನ ರಕ್ತ ನಿಂತಲ್ಲೇ ನಿಂತು ಹೆಪ್ಪುಗಟ್ಟುತ್ತಿತ್ತು. ಮಲಗಲು ಮಂಚದ ವ್ಯವಸ್ಥೆ ಆಗಬೇಕೆಂಬುದು ಅದರಿಂದ ಹೊರಟ ಪಾಠ.

ಇದೇ ಊರಿನ ಬಸ್ ನೌಕರರ ಅಧ್ಯಯನ ಇನ್ನೂ ಪ್ರಸಿದ್ಧ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಸಾರಿಗೆ ಸಂಸ್ಥೆಯ ಸುಮಾರು 31,000 ಗಂಡಸರ ಆರೋಗ್ಯ ದಾಖಲೆ ನೋಡಿ 1953ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನವಿಡೀ ಕೂತು ಬಸ್ಸು ಓಡಿಸುವ ಚಾಲಕರಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ನಿರ್ವಾಹಕರಿಗೆ ಹೃದಯಾಘಾತ ಕಡಿಮೆ. ಬಂದರೂ ಪ್ರಾಣಾಪಾಯ ಕಡಿಮೆ. ಒಂದೇ ಬಸ್ಸು, ಒಂದೇ ಹೊಗೆ, ಒಂದೇ ದಾರಿ. ಇಬ್ಬರ ನಡುವಿನ ಮುಖ್ಯ ವ್ಯತ್ಯಾಸ ಕಾಲಿನದು. ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ. ನೌಕರರಿಗೆ ಸಂಸ್ಥೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿ, ಚಾಲಕರ ಪ್ಯಾಂಟಿನ ಸೊಂಟದ ಸುತ್ತಳತೆ ಆರಂಭದಿಂದಲೇ ನಿರ್ವಾಹಕರದ್ದಕ್ಕಿಂತ ದೊಡ್ಡದಿತ್ತೆಂದು 1956ರಲ್ಲಿ ಬರೆದರು. ವ್ಯತ್ಯಾಸದ ಒಂದು ಪಾಲು ಕೆಲಸಕ್ಕೆ ಸೇರುವ ಮೊದಲೇ ಇತ್ತು ಎಂದಾಯಿತು. ತನ್ನದೇ ತೀರ್ಮಾನವನ್ನು ಹೀಗೆ ಒರೆಗೆ ಹಚ್ಚಿದ ಈ ಪ್ರಾಮಾಣಿಕತೆಯಿಂದಲೇ ಆ ಅಧ್ಯಯನಕ್ಕೆ ಇಂದಿಗೂ ಬೆಲೆಯಿದೆ.

ಕೂತಾಗ ದೇಹದಲ್ಲಿ ಆಗುವುದು

ಕಾಲಿನಿಂದ ಹೃದಯಕ್ಕೆ ರಕ್ತ ಮೇಲೇರಬೇಕು. ಹೃದಯದ ಬಡಿತವೊಂದೇ ಅದಕ್ಕೆ ಸಾಲದು. ಮೀನಖಂಡದ ಸ್ನಾಯು ಬಿಗಿದು ಸಡಿಲವಾಗುವಾಗಲೆಲ್ಲ ಅದರ ನಡುವಿನ ಅಭಿಧಮನಿಗಳು ಹಿಂಡಿಸಿಕೊಂಡು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಒಳಗಿನ ಕವಾಟಗಳು ಅದು ಮತ್ತೆ ಕೆಳಕ್ಕೆ ಜಾರದಂತೆ ತಡೆಯುತ್ತವೆ. ನಡೆಯುವಾಗ ಹೆಜ್ಜೆಗೊಮ್ಮೆ ಈ ಕೆಲಸ ತಾನಾಗಿ ನಡೆಯುತ್ತದೆ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅದು ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಕಾಲುಚೀಲದ ಎಲಾಸ್ಟಿಕ್ಕಿನ ಗುರುತು ಹರಡಿನ ಮೇಲೆ ಆಳವಾಗಿ ಮೂಡುವುದು, ಚಪ್ಪಲಿ ಬಿಗಿಯಾಗುವುದು ಇದರಿಂದಲೇ.

ತೊಡೆ ಮತ್ತು ಪೃಷ್ಠದ ಸ್ನಾಯುಗಳು ದೇಹದಲ್ಲೇ ಅತಿ ದೊಡ್ಡವು, ಸಕ್ಕರೆಯನ್ನು ಅತಿ ಹೆಚ್ಚು ಬಳಸುವಂಥವು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ಹೆಚ್ಚಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸನ್ನು ಸೆಳೆದುಕೊಳ್ಳಬಲ್ಲದು. ಅವು ಗಂಟೆಗಟ್ಟಲೆ ಸುಮ್ಮನಿದ್ದಾಗ ಸಕ್ಕರೆ ಇಳಿಸುವ ಭಾರವೆಲ್ಲ ಮೇದೋಜ್ಜೀರಕ ಗ್ರಂಥಿಯ ಮೇಲೆ ಬೀಳುತ್ತದೆ. ರಕ್ತದ ಕೊಬ್ಬನ್ನು ಒಡೆದು ಸ್ನಾಯುವಿಗೆ ಒದಗಿಸುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವದ ಚಟುವಟಿಕೆಯೂ ನಿಷ್ಕ್ರಿಯ ಸ್ನಾಯುವಿನಲ್ಲಿ ಇಳಿಯುತ್ತದೆ.

ಬೆನ್ನಿನ ವಿಷಯದಲ್ಲಿ ತಿಳಿವಳಿಕೆ ಕಾಲಕ್ರಮೇಣ ಬದಲಾಗಿದೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನೆಲುಬಿನ ಡಿಸ್ಕಿನೊಳಕ್ಕೆ ಸೂಜಿ ಹೊಗಿಸಿ ಒತ್ತಡ ಅಳೆದು, ಆಧಾರವಿಲ್ಲದೆ ಕೂತಾಗ ಅದು ನಿಂತಾಗಿನದಕ್ಕಿಂತ ಹೆಚ್ಚೆಂದು ತೋರಿಸಿದರು. ದಶಕಗಳ ಕಾಲ ನೆಟ್ಟಗೆ ಕೂರಿ ಎಂಬ ಉಪದೇಶಕ್ಕೆ ಇದೇ ಆಧಾರವಾಯಿತು. 1999ರಲ್ಲಿ ಜರ್ಮನಿಯಲ್ಲಿ ನಡೆದ ಅಳತೆಗಳಲ್ಲಿ ಆರಾಮಾಗಿ ಒರಗಿ ಕೂತಾಗ ಒತ್ತಡ ನಿಂತಾಗಿನಷ್ಟೂ ಇರಲಿಲ್ಲ. ಡಿಸ್ಕಿಗೆ ನೇರ ರಕ್ತನಾಳಗಳಿಲ್ಲ; ಒತ್ತಡ ಏರಿಳಿದಂತೆ ದ್ರವ ಒಳಹೊರಗೆ ಹೋಗುವುದರಿಂದ ಅದಕ್ಕೆ ಪೋಷಣೆ ಸಿಗುತ್ತದೆ. ಆದ್ದರಿಂದ ಸರಿಯಾದ ಒಂದೇ ಭಂಗಿಯನ್ನು ಹುಡುಕಿ ಅದರಲ್ಲೇ ಕಲ್ಲಾಗಿ ಕೂರುವುದಕ್ಕಿಂತ ಭಂಗಿ ಬದಲಿಸುತ್ತಿರುವುದೇ ಬೆನ್ನಿಗೆ ಹಿತ. ಸೊಂಟ ಹಿಡಿದುಕೊಂಡಿದೆ ಎನ್ನುವವರಲ್ಲಿ ಬಹಳ ಮಂದಿ ತಪ್ಪಾಗಿ ಕೂತವರಲ್ಲ, ಬಹಳ ಹೊತ್ತು ಒಂದೇ ರೀತಿ ಕೂತವರು.

ಕಣ್ಣಿನ ತೊಂದರೆಗೆ ಕಾರಣ ಸರಳ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲವಾದರೂ ಮಿಟುಕುವ ಕಣ್ಣು ಪರದೆ ನೋಡುವಾಗ ಅದರ ಅರ್ಧಕ್ಕೂ ಕಡಿಮೆ ಮಿಟುಕುತ್ತದೆ. ಎವೆಯಿಕ್ಕದ ಕಣ್ಣಿನ ಮೇಲಿನ ನೀರಿನ ಪದರ ಒಣಗಿ ಉರಿ, ಮಂಜು, ತಲೆನೋವು ಶುರುವಾಗುತ್ತವೆ. ಹವಾನಿಯಂತ್ರಿತ ಕೋಣೆಯ ಒಣ ಗಾಳಿ ಇದನ್ನು ಹೆಚ್ಚಿಸುತ್ತದೆ.

ವಿರಾಮದ ಪ್ರಮಾಣ

ಎಷ್ಟು ಹೊತ್ತಿಗೊಮ್ಮೆ ಏಳಬೇಕು, ಎಷ್ಟು ಹೊತ್ತು ಓಡಾಡಬೇಕು ಎಂಬುದಕ್ಕೆ ಜಗತ್ತು ಒಪ್ಪಿದ ಒಂದೇ ಸಂಖ್ಯೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎನ್ನುತ್ತದೆ; ಕೂರುವ ಹೊತ್ತನ್ನು ತಗ್ಗಿಸಬೇಕೆಂದು ಹೇಳಿ ಗಂಟೆಯ ಮಿತಿ ಹಾಕದೆ ಬಿಡುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಎಂಟು ಗಂಟೆಗೂ ಮಿಕ್ಕಿ ಕೂರುವವರಲ್ಲಿ ಅಕಾಲ ಮರಣದ ಹೆಚ್ಚುವರಿ ಅಪಾಯ ಕಾಣದಂತಾಗಲು ದಿನಕ್ಕೆ 60ರಿಂದ 75 ನಿಮಿಷದ ಮಧ್ಯಮ ಶ್ರಮ ಬೇಕಾಗುತ್ತದೆ. ಕೆಲಸ, ಪ್ರಯಾಣ, ಮನೆವಾರ್ತೆಗಳ ನಡುವೆ ದಿನವೂ ಅಷ್ಟು ಹೊತ್ತು ಒದಗಿಸಿಕೊಳ್ಳಬಲ್ಲ ನೌಕರರು ವಿರಳ. ಅದಕ್ಕಾಗಿಯೇ ಕೆಲಸದ ಹೊತ್ತಿನೊಳಗಿನ ಸಣ್ಣ ಸಣ್ಣ ಚಲನೆಗೆ ಇಷ್ಟು ಮಹತ್ವ.

ಆಸ್ಟ್ರೇಲಿಯದ ಡೇವಿಡ್ ಡನ್‌ಸ್ಟನ್ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಧಿಕ ತೂಕದ 19 ಮಂದಿಗೆ ಸಿಹಿ ಪಾನೀಯ ಕೊಟ್ಟು ಐದು ಗಂಟೆ ಕೂರಿಸಲಾಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಎರಡು ನಿಮಿಷ ನಿಧಾನವಾಗಿ ನಡೆದ ದಿನ ಅವರ ರಕ್ತದ ಸಕ್ಕರೆಯ ಏರಿಕೆ ಕಾಲು ಭಾಗದಷ್ಟು ತಗ್ಗಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ 11 ಮಂದಿಯ ಮೇಲೆ ಬೇರೆ ಬೇರೆ ಪ್ರಮಾಣಗಳನ್ನು ಹೋಲಿಸಿ ನೋಡಿತು. ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಡೆದಾಗ ಮಾತ್ರ ಸಕ್ಕರೆ ಗಮನಾರ್ಹವಾಗಿ ಇಳಿಯಿತು. ರಕ್ತದೊತ್ತಡವಾದರೋ ಗಂಟೆಗೊಮ್ಮೆ ಒಂದು ನಿಮಿಷದ ನಡಿಗೆಯಿಂದಲೂ ತಗ್ಗಿತು. ಇವೆಲ್ಲ ಕೆಲವೇ ಜನರ ಮೇಲೆ, ಪ್ರಯೋಗಾಲಯದ ಗೋಡೆಗಳ ನಡುವೆ ಒಂದೆರಡು ದಿನ ನಡೆದ ಪರೀಕ್ಷೆಗಳು. ಇವುಗಳಿಂದ ದಿಕ್ಕು ತಿಳಿಯುತ್ತದೆ, ನಿಖರ ಅಳತೆ ತಿಳಿಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಏಳುವುದು, ಆಗದಿದ್ದರೆ ಗಂಟೆಗೊಮ್ಮೆಯಾದರೂ ಏಳುವುದು ಸದ್ಯಕ್ಕೆ ಸಮಂಜಸವಾದ ಗುರಿ.

ಪದೇ ಪದೇ ಎದ್ದರೆ ಕೆಲಸ ಕೆಡುತ್ತದೆಂಬುದು ಮೇಲಧಿಕಾರಿಗಳ ಸಾಮಾನ್ಯ ಆತಂಕ. ಅಮೆರಿಕದಲ್ಲಿ ತೆರಿಗೆ ಪತ್ರಗಳ ಮಾಹಿತಿಯನ್ನು ಕಂಪ್ಯೂಟರಿಗೆ ಏರಿಸುವ ನೌಕರರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಎಂದಿನ ಎರಡು ಹದಿನೈದು ನಿಮಿಷದ ಬಿಡುವಿನ ಜೊತೆಗೆ, ಬಿಡುವಿಲ್ಲದ ಗಂಟೆಗಳಲ್ಲಿ ಐದೈದು ನಿಮಿಷದ ವಿರಾಮ ಸೇರಿಸಿದಾಗ ಕೈ, ಕತ್ತು, ಕಣ್ಣಿನ ನೋವು ತಗ್ಗಿತು. ದಿನಕ್ಕೆ ಇಪ್ಪತ್ತು ನಿಮಿಷ ಕೆಲಸದ ಹೊತ್ತು ಕಡಿಮೆಯಾದರೂ ಒಟ್ಟು ಕೆಲಸ ಕಡಿಮೆಯಾಗಲಿಲ್ಲ. ಹತ್ತು ನಿಮಿಷದೊಳಗಿನ ವಿರಾಮಗಳ ಬಗೆಗಿನ 22 ಅಧ್ಯಯನಗಳನ್ನು 2022ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಉತ್ಸಾಹ ಹೆಚ್ಚಿ ದಣಿವು ಇಳಿಯುವುದು ಖಚಿತವಾಯಿತು. ತಲೆಗೆ ಹೆಚ್ಚು ಕೆಲಸ ಕೊಡುವ ಕಾರ್ಯಗಳಲ್ಲಿ ಫಲಿತಾಂಶ ಸುಧಾರಿಸಲು ಮಾತ್ರ ಅಷ್ಟು ಚಿಕ್ಕ ಬಿಡುವು ಸಾಲಲಿಲ್ಲ. ಕೋಡ್ ಬರೆಯುವವರಿಗೆ, ತೀರ್ಪು ಬರೆಯುವವರಿಗೆ, ಪ್ರಬಂಧ ತಿದ್ದುವವರಿಗೆ ದಿನದಲ್ಲಿ ಒಂದೆರಡು ದೀರ್ಘ ಬಿಡುವುಗಳೂ ಬೇಕು.

ಆಚರಣೆಯಲ್ಲಿ

ಕೂತಲ್ಲಿಂದ ಏಳದೆಯೂ ಕೆಲವು ಚಲನೆ ಸಾಧ್ಯ. ಹಿಮ್ಮಡಿ ನೆಲದಲ್ಲಿಟ್ಟು ಕಾಲ್ಬೆರಳು ಮೇಲೆತ್ತುವುದು, ಆಮೇಲೆ ಬೆರಳು ಊರಿ ಹಿಮ್ಮಡಿ ಎತ್ತುವುದು, ಹೀಗೆ ಇಪ್ಪತ್ತು ಸಲ ಮಾಡಿದರೆ ಮೀನಖಂಡಕ್ಕೆ ಕೆಲಸ ಸಿಗುತ್ತದೆ. ಒಂದು ಕಾಲನ್ನು ಮಂಡಿ ನೇರವಾಗುವಂತೆ ಮುಂದಕ್ಕೆ ಚಾಚಿ ಐದು ಎಣಿಸುವಷ್ಟು ಹಿಡಿದರೆ ತೊಡೆ ಬಿಗಿಯುತ್ತದೆ. ಭುಜಗಳನ್ನು ಕಿವಿಯವರೆಗೆ ಎತ್ತಿ ಹಿಂದಕ್ಕೆ ಸುತ್ತಿ ಇಳಿಸುವುದು, ಗಲ್ಲವನ್ನು ಒಳಕ್ಕೆ ಎಳೆದುಕೊಂಡು ಕತ್ತನ್ನು ನೆಟ್ಟಗೆ ಮಾಡುವುದು, ಕೈ ಚಾಚಿ ಅಂಗೈಯನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಮಡಚುವುದು ಉಳಿದ ಭಾಗಗಳನ್ನು ಸಡಿಲಿಸುತ್ತವೆ. ಬೆಳಿಗ್ಗೆ ಎದ್ದೊಡನೆ ಮೈ ಮುರಿಯುವುದು ಹೇಗೆ ಸಹಜವೋ ಹಾಗೆಯೇ ಕೈಗಳನ್ನು ಮೇಲೆತ್ತಿ ಮೈ ಮುರಿಯಲು ಕಚೇರಿಯಲ್ಲೂ ಸಂಕೋಚ ಬೇಕಿಲ್ಲ. ಕತ್ತನ್ನು ಗಿರಗಿರ ತಿರುಗಿಸುವುದು, ಲಟಕ್ಕೆನ್ನುವಂತೆ ಜಗ್ಗಿಸಿಕೊಳ್ಳುವುದು ಮಾತ್ರ ಬೇಡ.

ಏಳುವುದಕ್ಕೆ ನೆಪ ಇದ್ದರೆ ಅಭ್ಯಾಸ ಉಳಿಯುತ್ತದೆ. ದೊಡ್ಡ ಬಾಟಲಿಯ ಬದಲು ಸಣ್ಣ ಲೋಟ ಇಟ್ಟುಕೊಂಡರೆ ನೀರಿಗಾಗಿ ಆಗಾಗ ಏಳಬೇಕಾಗುತ್ತದೆ. ಫೋನ್ ಬಂದರೆ ನಿಂತು ಮಾತಾಡುವುದು, ಪಕ್ಕದ ವಿಭಾಗಕ್ಕೆ ಸಂದೇಶ ಕಳಿಸುವ ಬದಲು ನಡೆದುಹೋಗುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುವುದು ಪ್ರತ್ಯೇಕ ಹೊತ್ತು ಕೇಳುವುದಿಲ್ಲ. ಮೊಬೈಲಿನ ಅಲಾರಂ ಮೊದಲ ವಾರ ನೆನಪಿಸುತ್ತದೆ, ಆಮೇಲೆ ಸದ್ದಾಗಿಯೂ ಕೇಳದಂತಾಗುತ್ತದೆ. ಕೆಲಸದ ಜೊತೆಗೇ ಹೆಣೆದ ನೆಪಗಳು ಅದಕ್ಕಿಂತ ಹೆಚ್ಚು ಕಾಲ ಬಾಳುತ್ತವೆ. ಕಣ್ಣಿಗಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬ ಸೂತ್ರ ಪ್ರಚಾರದಲ್ಲಿದೆ. ಆ ಅಂಕಿಗಳು ನೆನಪಿಗೆ ಸುಲಭವೆಂದು ಆಯ್ದವು. ಕಿಟಕಿಯಾಚೆಯ ತೆಂಗಿನ ಗರಿಯನ್ನು ಎವೆಯಿಕ್ಕುತ್ತ ನೋಡಿದರೂ ಉದ್ದೇಶ ಈಡೇರುತ್ತದೆ.

ಕರಾವಳಿಯಲ್ಲಿ ಹವೆಯನ್ನೂ ಗಮನಿಸಬೇಕು. ಮಾರ್ಚಿನಿಂದ ಮೇವರೆಗೆ ಕುಂಕಳ್ಳಿಯ ಮಧ್ಯಾಹ್ನ ಬೆವರಿಳಿಸುವಂಥದು. ಎರಡು ಗಂಟೆಯ ಬಿಸಿಲಿನಲ್ಲಿ ಹೊರಗೆ ನಡೆಯುವುದು ವಿಶ್ರಾಂತಿಯಾಗುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹೊರಗೆ ಕಾಲಿಡಲು ಬಿಡುವುದಿಲ್ಲ. ಹೀಗಾಗಿ ವರ್ಷದ ಹೆಚ್ಚಿನ ತಿಂಗಳು ಪಡಸಾಲೆ, ಮೆಟ್ಟಿಲು, ಮಾಡು ಇರುವ ಓಣಿಗಳೇ ನಡಿಗೆಯ ಜಾಗ. ಗೋವಾದ ಹಳೆಯ ಮನೆಗಳ ಮುಂಭಾಗದ ಕಟ್ಟೆಜಗಲಿ, ಕರಾವಳಿ ಕರ್ನಾಟಕದ ಮನೆಗಳ ಚಾವಡಿ ಮಳೆಗಾಲದಲ್ಲೂ ಗಾಳಿ ಬೆಳಕಿನಲ್ಲಿ ಓಡಾಡಲು ಜಾಗ ಉಳಿಸಿದ್ದವು. ಹೊಸ ಕಚೇರಿ ಕಟ್ಟಡಗಳ ನಕ್ಷೆಯಲ್ಲಿ ಅಂಥ ಜಾಗ ಬಿಡದೆ ಗೋಡೆಯವರೆಗೂ ಮೇಜು ತುಂಬಿಸುವುದು ಆರೋಗ್ಯಕ್ಕೆ ಮಾಡುವ ದೊಡ್ಡ ಅನ್ಯಾಯ.

ಮಧ್ಯಾಹ್ನ ಒಂದರ ಹೊತ್ತಿಗೆ ಅಂಗಡಿ ಮುಚ್ಚಿ ಮೂರು ಇಲ್ಲವೆ ನಾಲ್ಕಕ್ಕೆ ತೆರೆಯುವ ರೂಢಿ ಗೋವಾದ ಪಟ್ಟಣಗಳಲ್ಲಿ ಇನ್ನೂ ಇದೆ. ಊಟ, ಸಣ್ಣ ನಿದ್ದೆ, ಮತ್ತೆ ಕೆಲಸ ಎಂಬ ಈ ಕ್ರಮವನ್ನು ಹೊರಗಿನವರು ಸೋಮಾರಿತನ ಎಂದುಕೊಳ್ಳುವುದುಂಟು. ಸೆಕೆಯ ನಾಡಿನಲ್ಲಿ ದುಡಿಮೆಯನ್ನು ಎರಡು ಪಾಲು ಮಾಡುವುದು ವಿವೇಕದ ವ್ಯವಸ್ಥೆ. ಇಪ್ಪತ್ತು ನಿಮಿಷದ ಹಗಲುನಿದ್ದೆ ಚುರುಕು ಹೆಚ್ಚಿಸುತ್ತದೆ, ಅದು ಗಂಟೆ ಮೀರಿದರೆ ಮಂಪರು ಉಳಿಯುತ್ತದೆ. ಒಂದು ತಿದ್ದುಪಡಿ ಮಾತ್ರ ಅಗತ್ಯ. ಅನ್ನ, ಮೀನಿನ ಸಾರು ಉಂಡೊಡನೆ ಅಡ್ಡಾಗುವುದಕ್ಕೆ ಮೊದಲು ಹತ್ತು ನಿಮಿಷ ನಡೆದರೆ ಸಕ್ಕರೆ ಏರುವ ಹೊತ್ತಿಗೆ ಸರಿಯಾಗಿ ಸ್ನಾಯುಗಳು ಕೆಲಸ ಮಾಡುತ್ತವೆ. ಊಟದ ನಂತರ ನೂರು ಹೆಜ್ಜೆ ಹಾಕುವ ಪದ್ಧತಿ ಕೊಂಕಣಿ, ಮರಾಠಿ ಮನೆಗಳಲ್ಲಿ ಶತಪಾವಲಿಯಾಗಿ, ಕನ್ನಡದ ಮನೆಗಳಲ್ಲಿ ಹಿರಿಯರ ಕಟ್ಟಪ್ಪಣೆಯಾಗಿ ಮೊದಲಿನಿಂದ ಇದ್ದೇ ಇದೆ.

ಯೋಗ ಮತ್ತು ಸಾಮೂಹಿಕ ವ್ಯಾಯಾಮ

ಕೆಲಸದ ಜಾಗದಲ್ಲಿ ಒಟ್ಟಿಗೆ ವ್ಯಾಯಾಮ ಮಾಡುವ ಸಂಪ್ರದಾಯಕ್ಕೆ ಜಪಾನಿನ ರೇಡಿಯೊ ತೈಸೊ ಹಳೆಯ ಉದಾಹರಣೆ. 1928ರಿಂದ ಬಾನುಲಿಯ ಸಂಗೀತಕ್ಕೆ ಅಲ್ಲಿನ ಜನ ಕೈಕಾಲು ಆಡಿಸುತ್ತ ಬಂದಿದ್ದಾರೆ. ಭಾರತದಲ್ಲಿ ಕೇಂದ್ರ ಆಯುಷ್ ಸಚಿವಾಲಯ ಕಚೇರಿಗಳಿಗಾಗಿ ಐದು ನಿಮಿಷದ ವೈ-ಬ್ರೇಕ್ ಎಂಬ ಯೋಗವಿರಾಮ ರೂಪಿಸಿತು. 2020ರಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಪ್ರಯೋಗ ಮಾಡಿ, 2021ರ ಸೆಪ್ಟೆಂಬರಿನಲ್ಲಿ ಅದನ್ನು ಮೊಬೈಲ್ ಆ್ಯಪ್ ಆಗಿ ಬಿಡುಗಡೆ ಮಾಡಲಾಯಿತು. ತಾಡಾಸನ, ಸ್ಕಂಧಚಕ್ರ, ಅರ್ಧಚಕ್ರಾಸನ, ಪ್ರಸಾರಿತ ಪಾದೋತ್ತಾನಾಸನ, ನಾಡಿಶೋಧನ, ಭ್ರಾಮರಿ ಮೊದಲಾದವು ಅದರಲ್ಲಿವೆ. ಮುಂದೆ ಬಾಗಿದ ಬೆನ್ನನ್ನು ಹಿಂದಕ್ಕೆ ಬಗ್ಗಿಸುವ, ಮುದುಡಿದ ಭುಜವನ್ನು ಬಿಚ್ಚುವ ಆಸನಗಳಿಗೆ ಪ್ರಾಶಸ್ತ್ಯ ಕೊಟ್ಟಿರುವುದರಲ್ಲಿ ಯೋಚನೆ ಕಾಣುತ್ತದೆ.

ಬೆಂಗಳೂರಿನ ಸಾಫ್ಟ್‌ವೇರ್ ನೌಕರರ ಮೇಲೆ ಶೆರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 291 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ವಾರದಲ್ಲಿ ಐದು ದಿನ, ದಿನಕ್ಕೊಂದು ಗಂಟೆ ಯೋಗ ಕಲಿಸಲಾಯಿತು. 60 ದಿನಗಳ ಬಳಿಕ ಯೋಗ ಮಾಡಿದವರ ಕಣ್ಣಿನ ಕಿರಿಕಿರಿ ಇಳಿದಿತ್ತು, ಉಳಿದವರದು ಏರಿತ್ತು. ಆದರೆ ಕೊನೆಯ ಪರೀಕ್ಷೆಗೆ ಉಳಿದವರು ಆರಂಭದ ಅರ್ಧಕ್ಕೂ ಕಡಿಮೆ. ಯೋಗದ ಗುಣಕ್ಕಿಂತಲೂ ಈ ಸಂಗತಿ ಹೆಚ್ಚು ಕಲಿಸುತ್ತದೆ: ಗಂಟೆಗಟ್ಟಲೆಯ ಕಾರ್ಯಕ್ರಮವನ್ನು ಕೆಲಸದ ಒತ್ತಡದ ನಡುವೆ ಮುಂದುವರಿಸುವುದು ಕಷ್ಟ, ಐದು ನಿಮಿಷದ್ದು ಉಳಿಯುವ ಸಂಭವ ಹೆಚ್ಚು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿಯನ್ನೇ ಯೋಗಾಭ್ಯಾಸದ ಆಧಾರವಾಗಿ ಬಳಸಿದ್ದರಿಂದ, ನೆಲದ ಮೇಲೆ ಕೂರಲಾಗದವರಿಗೂ ಆಸನಗಳು ಎಟುಕುವಂತಾದವು.

ಪೀಠೋಪಕರಣ

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ತೋಳಳತೆಯ ದೂರದಲ್ಲಿರಬೇಕು; ಮೊಣಕೈ ಲಂಬಕೋನಕ್ಕೆ ಸಮೀಪ ಮಡಚಿರಬೇಕು; ಪಾದ ನೆಲಕ್ಕೆ ತಾಗಬೇಕು. ಲ್ಯಾಪ್‌ಟಾಪಿನಲ್ಲಿ ಪರದೆ, ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಇವೆಲ್ಲ ಒಟ್ಟಿಗೆ ಸಾಧ್ಯವಿಲ್ಲ. ದಪ್ಪ ಪುಸ್ತಕಗಳ ಮೇಲೆ ಅದನ್ನಿಟ್ಟು ಬೇರೆ ಕೀಬೋರ್ಡ್ ಜೋಡಿಸಿದರೆ ಕತ್ತು ಉಳಿಯುತ್ತದೆ. 2020ರ ಲಾಕ್‌ಡೌನಿನಲ್ಲಿ ಮನೆಗೆ ಬಂದ ಕಚೇರಿ ಅನೇಕ ಕಡೆ ಮಂಚದ ಮೇಲೆ, ದಿಂಬಿನ ಮೇಲೆ ನೆಲೆಯಾಯಿತು. ಬೆನ್ನಿನ ತಜ್ಞರ ಬಳಿ ಸಾಲು ಬೆಳೆಯಲು ಅದೂ ಒಂದು ಕಾರಣ.

ಎತ್ತರ ಬದಲಿಸಿ ನಿಂತೂ ಕೆಲಸ ಮಾಡಬಹುದಾದ ದುಬಾರಿ ಮೇಜುಗಳಿಂದ ಸಿಗುವ ಲಾಭವನ್ನು ಜಾಹೀರಾತುಗಳು ಹಿಗ್ಗಿಸಿ ಹೇಳುತ್ತವೆ. 2018ರ ಒಂದು ವಿಶ್ಲೇಷಣೆಯಂತೆ ಕೂರುವುದಕ್ಕಿಂತ ನಿಲ್ಲುವುದರಿಂದ ನಿಮಿಷಕ್ಕೆ ಹೆಚ್ಚು ಖರ್ಚಾಗುವುದು 0.15 ಕಿಲೋಕ್ಯಾಲೊರಿ ಮಾತ್ರ. ದಿನವಿಡೀ ನಿಲ್ಲುವುದೂ ಒಂದು ಶಿಕ್ಷೆಯೇ. ಜವಳಿ, ಒಡವೆ ಅಂಗಡಿಗಳಲ್ಲಿ ಹತ್ತು ಗಂಟೆ ನಿಂತೇ ಇರುವ ಹೆಣ್ಣುಮಕ್ಕಳ ಕಾಲಿನ ರಕ್ತನಾಳ ಉಬ್ಬುವುದು, ಸೊಂಟ ನೋಯುವುದು ಹೋರಾಟಕ್ಕೆ ದಾರಿಯಾಗಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅವರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿದವು. ಕೂತವರಿಗೆ ಏಳುವ ಅವಕಾಶ, ನಿಂತವರಿಗೆ ಕೂರುವ ಅವಕಾಶ ಎರಡೂ ಒಂದೇ ನ್ಯಾಯದಿಂದ ಹುಟ್ಟಿದವು.

ಮೇಜಿಲ್ಲದ ಕೂತ ಕೆಲಸ

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರು ಗೋಡೆಗೆ ಒರಗಿ, ಕಾಲು ಚಾಚಿ, ಎಲೆ ಮತ್ತು ಹೊಗೆಸೊಪ್ಪಿನ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಾರೆ. ಎಲೆ ಕತ್ತರಿಸಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವ ಬೆರಳುಗಳು ದಿನಕ್ಕೆ ನೂರಾರು ಸಲ ಅದೇ ಚಲನೆ ಮಾಡುತ್ತವೆ. ಕೂಲಿ ಎಣಿಕೆಯ ಮೇಲೆ. ಎದ್ದರೆ ಸಂಪಾದನೆ ಕಡಿಮೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಹೊಲಿಗೆ ಯಂತ್ರಗಳ ಮುಂದೆಯೂ ಗಂಟೆಗಿಷ್ಟು ಎಂಬ ಗುರಿ ಇದೇ ರೀತಿ ಕಾಲು ಕಟ್ಟಿಹಾಕುತ್ತದೆ. ವಿರಾಮದ ಕುರಿತ ಸಂಶೋಧನೆಗಳಲ್ಲಿ ಬಹುಪಾಲು ಕಂಪ್ಯೂಟರ್ ನೌಕರರ ಮೇಲೇ ನಡೆದಿವೆ. ಇವರ ಕಡೆ ಬಿದ್ದ ಗಮನ ತೀರ ಕಡಿಮೆ.

ಕಾನೂನು

1948ರ ಕಾರ್ಖಾನೆ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಸತತ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಎಂದು ವಿಧಿಸಿತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಐದು ಗಂಟೆಗೊಮ್ಮೆ ಒಂದು ಗಂಟೆಯ ಬಿಡುವಿದೆ. ಇವೆಲ್ಲ ಊಟಕ್ಕೆ ಮತ್ತು ದಣಿವಾರಿಸಿಕೊಳ್ಳಲು ಹುಟ್ಟಿದ ನಿಯಮಗಳು. ಅಲುಗಾಡದೆ ಕೂರುವುದೇ ಅಪಾಯವೆಂಬ ಕಲ್ಪನೆ ಅವುಗಳಲ್ಲಿಲ್ಲ. ಯುರೋಪಿನ 1990ರ ನಿರ್ದೇಶನದಲ್ಲಿ ಅದು ಬಂತು: ಪರದೆಯ ಮುಂದಿನ ಕೆಲಸವನ್ನು ಆಗಾಗ ವಿರಾಮದಿಂದಲೋ ಬೇರೆ ಬಗೆಯ ಕೆಲಸದಿಂದಲೋ ತಡೆಯುವಂತೆ ಯೋಜಿಸುವುದು ಮಾಲೀಕರ ಹೊಣೆ ಎಂದು ಅದು ಹೇಳಿತು. ಭಾರತಕ್ಕೂ ಇಂಥ ನಿಯಮ ಅಗತ್ಯ. ನೌಕರರಿಗೆ ಇಷ್ಟವಿದ್ದರೂ ಮೇಲಿನವರ ಕಣ್ಣಿಗೆ ಅಂಜಿ ಏಳದೆ ಕೂರುವುದು ಸಾಮಾನ್ಯ; ಹಾಜರಿಯನ್ನು ಕುರ್ಚಿಯಲ್ಲಿ ಕೂತ ನಿಮಿಷಗಳಲ್ಲಿ ಅಳೆಯುವ ಕಚೇರಿಗಳಲ್ಲಿ ಅತ್ಯುತ್ತಮ ಕುರ್ಚಿಯೂ ಪ್ರಯೋಜನಕ್ಕೆ ಬರುವುದಿಲ್ಲ.

ಕೆಲಸದ ಒಟ್ಟು ಹೊತ್ತು ಬೆಳೆದರೆ ವಿರಾಮದ ಗುಣ ಕರಗುತ್ತದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ಉದ್ಯಮದಲ್ಲಿ ದಿನದ ದುಡಿಮೆಯನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾವ ಚರ್ಚೆಗೆ ಬಂದಾಗ ನೌಕರರ ಸಂಘ ಆರೋಗ್ಯದ ಕಾರಣವನ್ನೇ ಮುಂದಿಟ್ಟು ವಿರೋಧಿಸಿತು.

ವಿಶೇಷ ಎಚ್ಚರಿಕೆ

ಗಾಲಿಕುರ್ಚಿ ಬಳಸುವವರಿಗೆ ಎದ್ದು ನಡೆಯುವ ಸಲಹೆ ಅನ್ವಯಿಸುವುದಿಲ್ಲ. ತೋಳುಗಳನ್ನು ಬಿರುಸಾಗಿ ಆಡಿಸುವುದು, ಕೈಯೂರಿ ದೇಹವನ್ನು ಆಸನದಿಂದ ಎತ್ತಿ ಒತ್ತಡ ತಗ್ಗಿಸುವುದು ಅವರಿಗೆ ಮುಖ್ಯ. ಗರ್ಭಿಣಿಯರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಿರುವುದರಿಂದ ಆಗಾಗ ನಡೆಯುವುದು ಇನ್ನೂ ಅಗತ್ಯ. ಇನ್ಸುಲಿನ್ ತೆಗೆದುಕೊಳ್ಳುವವರು ಹೊಸದಾಗಿ ನಡಿಗೆ ಹೆಚ್ಚಿಸಿದಾಗ ಸಕ್ಕರೆ ತೀರ ಇಳಿಯದಂತೆ ವೈದ್ಯರನ್ನು ಕೇಳಿ ಪ್ರಮಾಣ ಹೊಂದಿಸಿಕೊಳ್ಳಬೇಕು. ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುವುದು, ಏಕಾಏಕಿ ಏದುಸಿರು ಬರುವುದು, ಬೆನ್ನುನೋವಿನ ಜೊತೆ ಕಾಲಿನ ಬಲ ಕುಗ್ಗುವುದು ಅಥವಾ ಮೂತ್ರದ ಹಿಡಿತ ತಪ್ಪುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಕೈ ಮರಗಟ್ಟುವುದು, ಇವು ವಿರಾಮದಿಂದ ವಾಸಿಯಾಗುವ ದಣಿವಿನ ಲಕ್ಷಣಗಳಲ್ಲ. ಇವುಗಳಲ್ಲಿ ಮೊದಲ ಮೂರಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೈ ಮರಗಟ್ಟುವುದು ಕೆಲವು ವಾರ ಮುಂದುವರಿದರೆ ಮಣಿಕಟ್ಟಿನ ನರದ ಪರೀಕ್ಷೆ ಮಾಡಿಸಬೇಕು.